ಫೋನ್ ಹಿಡಿದ ಹುಡುಗಿ ಏನು ನೋಡುತ್ತಿದ್ದಳು?

ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಬೀದಿಯವರೆಲ್ಲ ಅವರನ್ನು ಬ್ರೇಕ್ ಮಾವ ಎಂದೇ ಕರೆಯುತ್ತಿದ್ದರು. ಎದುರಿಗೆ ಕೂತವರು ಮಾತಿನ ನಡುವೆ ಫೋನ್ ತೆಗೆದರೆ ಸಾಕು, ಮಾವನ ಮಾತು ಗಕ್ಕನೆ ನಿಲ್ಲುತ್ತಿತ್ತು. "ನೀನು ನೋಡಿ ಮುಗಿಸಪ್ಪ, ಆಮೇಲೆ ಗಾಡಿ ಬಿಡ್ತೀನಿ" ಎನ್ನುತ್ತಿದ್ದರು. ಸ್ಟೇರಿಂಗ್ ಹಿಡಿದಷ್ಟು ಕಾಲವೂ ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟಿದವರಲ್ಲ.

ಮಾವನಿಗೆ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಚಿಕ್ಕ ಗಾಯವಾಯಿತು. ನೋವೇ ಇಲ್ಲವಲ್ಲ ಎಂದು ಸುಮ್ಮನಿದ್ದರು. ಗಾಯ ಹುಣ್ಣಾಯಿತು, ಪಾದ ಊದಿಕೊಂಡಿತು. ಕೊನೆಗೆ ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದರು.

"ದಿನಾ ಸರಿಯಾಗಿ ಡ್ರೆಸ್ಸಿಂಗ್ ಆಗ್ಬೇಕು. ಹುಣ್ಣು ಒಳಗೆ ಇಳಿದ್ರೆ ಬೆರಳು ಉಳಿಸೋದು ಕಷ್ಟ" ಎಂದು ಹೇಳಿ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಮಾವ ಹೊದಿಕೆ ಸರಿಸಿ ಹೆಬ್ಬೆರಳನ್ನೊಮ್ಮೆ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಟ್ರಾಲಿ ತಳ್ಳಿಕೊಂಡು ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಂದಳು. ವಾರ್ಡಿನ ತರಬೇತಿಗೆ ಕಾಲೇಜಿನಿಂದ ಬಂದವಳು. ಮಾವನ ಕಾಲ ಬಳಿ ನಿಂತು ಜೇಬಿನಿಂದ ಫೋನ್ ತೆಗೆದಳು. ಹೆಬ್ಬೆರಳಲ್ಲಿ ಮೇಲಕ್ಕೆ ಸರಿಸುತ್ತ ಅದನ್ನೇ ನೋಡುತ್ತ ನಿಂತಳು. ನಡುವೆ ಫೋನ್ ಟಿಣ್ ಎಂದಿತು.

ಮಾವ ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. "ಮುಟ್ಟಬೇಡ. ಮೊದಲು ನಿನ್ನ ಮೆಸೇಜು ಮುಗೀಲಿ."

"ತಾತ, ನಾನು ಪಾಠ ನೋಡ್ತಾ ಇದ್ದೆ..."

"ಹಾಸಿಗೆ ಮುಂದೆ ನಿಂತು ಪಾಠವಾ? ನನ್ನ ಕಾಲೇನು ಬರೆದು ಅಳಿಸೋ ಸ್ಲೇಟಾ?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಕ್ಕಪಕ್ಕದ ಹಾಸಿಗೆಯವರೆಲ್ಲ ಕತ್ತೆತ್ತಿ ನೋಡಿದರು. ಗದ್ದಲ ಕೇಳಿ ವಾರ್ಡಿನ ಹಿರಿಯ ಸಿಸ್ಟರ್ ಬಂದರು.

"ಯಜಮಾನ್ರೇ, ನಿಮಗೆ ಹೇಳದೆ ಫೋನ್ ತೆಗೆದಿದ್ದು ತಪ್ಪು. ಅದರ ಸದ್ದು ನಿಲ್ಲಿಸದೆ ವಾರ್ಡಿಗೆ ಬಂದಿದ್ದೂ ತಪ್ಪು. ಅದನ್ನ ನಾನು ಇವಳಿಗೆ ಹೇಳ್ತೀನಿ. ಆದ್ರೆ ಇವಳು ನೋಡ್ತಿದ್ದಿದ್ದು ಮೆಸೇಜಲ್ಲ, ಇಲ್ನೋಡಿ" ಎಂದು ಫೋನ್ ತೋರಿಸಿದರು. ಪರದೆಯ ಮೇಲೆ ಪಾದದ ಹುಣ್ಣಿನ ಚಿತ್ರಗಳಿದ್ದವು. ಪಕ್ಕದಲ್ಲಿ ಯಾವ ಹುಣ್ಣನ್ನು ಹೇಗೆ ತೊಳೆಯಬೇಕು, ಯಾವ ಪಟ್ಟಿ ಇಡಬೇಕು ಎಂಬ ವಿವರವಿತ್ತು. "ಇದು ನಮ್ಮ ಆಸ್ಪತ್ರೆ, ಕಾಲೇಜು ಸೇರಿ ಕೊಟ್ಟಿರೋ ಆ್ಯಪ್. ಕೆಲಸಕ್ಕೆ ಕೈ ಹಾಕೋ ಮುಂಚೆ ಒಂದ್ಸಲ ನೋಡ್ಕೋಬೇಕು ಅಂತ ನಾವೇ ಹೇಳಿಕೊಟ್ಟಿದ್ದೀವಿ."

"ನನ್ನ ಕಾಲಿನ ಫೋಟೋ ಹೊಡೆದು ಊರಿಗೆಲ್ಲ ಕಳಿಸಿದ್ರೆ?"

"ಒಳ್ಳೇ ಪ್ರಶ್ನೆ. ವಿದ್ಯಾರ್ಥಿಗಳು ತಮ್ಮ ಫೋನಲ್ಲಿ ರೋಗಿಯ ಫೋಟೋ ತೆಗೆಯೋ ಹಾಗೇ ಇಲ್ಲ. ಹೆಸರು, ವಿಳಾಸ ಯಾವುದನ್ನೂ ಅದರಲ್ಲಿ ಹಾಕೋ ಹಾಗಿಲ್ಲ."

ಮಾವನಿಗೆ ಸಮಾಧಾನವಾಗಲಿಲ್ಲ. "ಏನೇ ಇರಲಿ, ಡ್ರೆಸ್ಸಿಂಗ್ ನೀವೇ ಮಾಡಿ" ಎಂದರು. ಸಿಸ್ಟರ್ ಮಾಡಿದರು. ಹುಡುಗಿ ದೂರ ನಿಂತು ನೋಡಿದಳು.

ಬೆಳಗಿನ ಗದ್ದಲವನ್ನೆಲ್ಲ ನೋಡಿದ್ದ ಹೆಂಡತಿ ಮಧ್ಯಾಹ್ನ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದರು: "ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತಾರೆ. ನಿಮ್ಮದು ಬೆರಳಿನ ವಿಷಯ, ನೆನಪಿರಲಿ. ಪಾಪ, ಆ ಮಗೂನ ಅಳಿಸಿಬಿಟ್ರಿ."

"ಅವಳು ಅತ್ತಿದ್ದು ಫೋನ್ ಹಿಡಿದಿದ್ದಕ್ಕೆ" ಎಂದು ಮಾವ ಗೋಡೆ ಕಡೆ ತಿರುಗಿಕೊಂಡರು. ಆದರೂ ಆ ಮಾತು ಒಳಗೆಲ್ಲೋ ಚುಚ್ಚುತ್ತಲೇ ಇತ್ತು.

ಮಾರನೆಯ ದಿನ ಹುಡುಗಿ ಮತ್ತೆ ಬಂದಳು. ಹಿರಿಯ ಸಿಸ್ಟರ್ ಜೊತೆಗೇ ನಿಂತರು. "ತಾತ, ಇವತ್ತು ನಾನು ಮಾಡ್ಲಾ?" ಎಂದು ಅವಳು ಕೇಳಿದಳು. ಹೆಂಡತಿ ಕಣ್ಣಲ್ಲೇ ಗದರಿಸಿದ್ದರಿಂದ ಮಾವ ಹೂಂ ಎಂದರು. ಹುಡುಗಿ ಹಳೆ ಪಟ್ಟಿ ಬಿಚ್ಚಿದಳು, ಹುಣ್ಣನ್ನು ಸಲೈನಿನಲ್ಲಿ ತೊಳೆದಳು. ಹೊಸ ಪಟ್ಟಿ ಎತ್ತಿಕೊಳ್ಳುವಾಗ ಕೈ ನಿಂತುಬಿಟ್ಟಿತು. ನಿನ್ನೆ ಒಣಗಿದ್ದ ಹುಣ್ಣಿನಿಂದ ಇವತ್ತು ತೆಳ್ಳಗೆ ನೀರು ಜಿನುಗುತ್ತಿತ್ತು. ಟ್ರೇಯಲ್ಲಿ ಎರಡು ಬಗೆಯ ಪಟ್ಟಿಗಳಿದ್ದವು.

"ಯಾಕಮ್ಮಾ ನಿಂತೆ?"

"ಇವತ್ತು ಯಾವುದು ಇಡಬೇಕು ಅಂತ ಖಾತ್ರಿ ಇಲ್ಲ ತಾತ."

"ಫೋನ್ ಎಲ್ಲಿ?"

"ಆಚೆ ಮೇಜಿನ ಮೇಲೆ ಬಿಟ್ಟು ಬಂದೆ. ನಿಮಗೆ ಕೋಪ ಬರುತ್ತೆ ಅಂತ."

ಮಾವ ಒಂದು ಗಳಿಗೆ ಅವಳ ಮುಖ ನೋಡಿದರು. ಹೊಸ ಡ್ರೈವರುಗಳಿಗೆ ಅವರೇ ಎಷ್ಟು ಸಲ ಹೇಳಿದ್ದರು: ದಾರಿ ಗೊತ್ತಿಲ್ಲದಿದ್ದರೆ ಗಾಡಿ ನಿಲ್ಲಿಸಿ ಕೇಳು, ಊಹೆ ಮೇಲೆ ತಿರುಗಿಸಬೇಡ. ಈ ಹುಡುಗಿ ಮಾಡಿದ್ದೂ ಅದೇ ಅಲ್ಲವೇ? ಅವಳು ಫೋನ್ ನೋಡಿಕೊಳ್ಳದ ಹಾಗೆ ಹೆದರಿಸಿದವರು ತಾವೇ!

"ಹೋಗು ಮಗಳೇ, ತಗೊಂಡು ಬಾ. ನನ್ನ ಬೆರಳಿಗಿಂತ ನನ್ನ ಕೋಪ ದೊಡ್ಡದಲ್ಲ" ಎಂದರು.

ಹುಡುಗಿ ಹುಣ್ಣಿನ ಮೇಲೆ ಶುದ್ಧವಾದ ಬಟ್ಟೆ ಮುಚ್ಚಿ, ಕೈಗವಸು ತೆಗೆದು, ಕೈ ತೊಳೆದು ಫೋನ್ ತಂದಳು. ಚಿತ್ರಗಳನ್ನು ನೋಡಿ ಒಂದು ಪಟ್ಟಿ ತೋರಿಸಿ ಸಿಸ್ಟರನ್ನು ಕೇಳಿದಳು. "ಸರಿಯಾಗಿದೆ, ನೀರು ಹೀರೋದೇ ಬೇಕು" ಎಂದರು ಸಿಸ್ಟರ್. ಹುಡುಗಿ ಫೋನನ್ನು ಒರೆಸಿ ಜೇಬಿಗೆ ಹಾಕಿದಳು. ಮತ್ತೆ ಕೈ ತೊಳೆದು ಹೊಸ ಕೈಗವಸು ಹಾಕಿಕೊಂಡಳು. ಅಲ್ಲಿಂದಾಚೆ ಅವಳ ಕಣ್ಣು ಮಾವನ ಕಾಲಿನಿಂದ ಕದಲಲಿಲ್ಲ.

ಮುಗಿದ ಮೇಲೆ ಸಿಸ್ಟರ್ ತಮ್ಮ ಟ್ಯಾಬ್ ತೆಗೆದರು. "ಈಗ ಇವಳ ಪರೀಕ್ಷೆ. ಯಾವುದು ಸರಿ ಮಾಡಿದ್ಳು, ಯಾವುದು ತಿದ್ದಿಕೋಬೇಕು ಅಂತ ಇಲ್ಲೇ ಹಾಕ್ತೀನಿ. ಇವಳೂ ನೋಡ್ತಾಳೆ, ಕಾಲೇಜಿನ ಮೇಡಮ್ಮೂ ಇವತ್ತೇ ನೋಡ್ತಾರೆ. ಮೊದಲೆಲ್ಲ ತರಬೇತಿ ಮುಗಿದ ಮೇಲೆ ಅಂಕ ಬರ್ತಿತ್ತು, ಅಷ್ಟರಲ್ಲಿ ಮಾಡಿದ ತಪ್ಪೇ ಮರೆತುಹೋಗಿರ್ತಿತ್ತು. ಇಷ್ಟ ಇದ್ರೆ ನೀವೂ ಹೇಳಬಹುದು. ನಿಮ್ಮ ಹೆಸರು ಬರಲ್ಲ."

"ನಾನೂ ಮಾರ್ಕ್ಸ್ ಕೊಡಬಹುದಾ?" ಮಾವ ದಿಂಬು ಸರಿಸಿ ನೆಟ್ಟಗೆ ಕೂತರು. "ಹಾಗಾದ್ರೆ ಹಾಕಿ. ಕೈ ಮೆತ್ತಗಿದೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ಳು, ಅದು ದೊಡ್ಡ ಗುಣ. ಆದ್ರೆ ಟೇಪು ಪರ್ರಂತ ಎಳೆದ್ಳು. ಕಾಲಿನ ಕೂದಲೆಲ್ಲ ಕಿತ್ತು ಬಂತು!"

ಸಿಸ್ಟರ್ ಜೊತೆ ಹುಡುಗಿಯೂ ನಕ್ಕಳು. ಮರುದಿನ ಟೇಪನ್ನು ಒದ್ದೆ ಮಾಡಿ ನಿಧಾನಕ್ಕೆ ಬಿಡಿಸಿದಳು. ಮಾವನಿಗೆ ಗೊತ್ತೇ ಆಗಲಿಲ್ಲ.

ಹುಣ್ಣು ಮೆಲ್ಲಮೆಲ್ಲನೆ ತುಂಬಿಕೊಂಡು ಬಂತು. ಬೆರಳು ಉಳಿಯಿತು. ಮನೆಗೆ ಹೊರಡುವ ದಿನ ಪಕ್ಕದ ಹಾಸಿಗೆಗೆ ಹೊಸಬರೊಬ್ಬರು ಬಂದಿದ್ದರು. ಫೋನ್ ಹಿಡಿದು ಬಂದ ಹುಡುಗಿಯನ್ನು ಕಂಡು ಅವರು ಹುಬ್ಬು ಗಂಟಿಕ್ಕಿದರು. ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬೈಬೇಡಿ ಸ್ವಾಮಿ. ಏನು ನೋಡ್ತಿದ್ದೀಯಮ್ಮಾ ಅಂತ ಕೇಳಿ, ತೋರಿಸ್ತಾಳೆ" ಎಂದರು.

ಓದುಗರೇ, ನಾಳೆ ನೀವೋ ನಿಮ್ಮ ಮನೆಯವರೋ ಆಸ್ಪತ್ರೆಯಲ್ಲಿರಬಹುದು. ಕಲಿಯಲು ಬಂದ ಮಕ್ಕಳ ಕೈಯಲ್ಲಿ ಫೋನ್ ಕಂಡರೆ ಸಿಡುಕಬೇಡಿ, ಸುಮ್ಮನೆಯೂ ಇರಬೇಡಿ. ಏನು ನೋಡುತ್ತಿದ್ದೀರಿ ಎಂದು ಕೇಳಿ. ಯಾರಾದರೂ ಫೋಟೋ ತೆಗೆಯಲು ಬಂದು ನಿಮಗೆ ಬೇಡವೆನ್ನಿಸಿದರೆ ಬೇಡ ಎನ್ನಿ, ಅದು ನಿಮ್ಮ ಹಕ್ಕು. ಅವರ ಕೆಲಸ ಹೇಗಿತ್ತೆಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿ. ಕಲಿಯುವ ಮಕ್ಕಳೇ, ನೀವೂ ಅಷ್ಟೆ. ಫೋನ್ ತೆಗೆಯುವ ಮುನ್ನ ರೋಗಿಗೆ ಒಂದು ಮಾತು ಹೇಳಿ, ಸದ್ದು ನಿಲ್ಲಿಸಿ, ನೋಡಿದ ಮೇಲೆ ಒಳಗಿಡಿ, ಕೈ ತೊಳೆಯಿರಿ. ಓದುಗರೇ, ಇವತ್ತು ನಿಮ್ಮ ಹಾಸಿಗೆಯ ಪಕ್ಕ ಸರಿಯಾಗಿ ಕಲಿತವರೇ ನಾಳೆ ನಿಮ್ಮ ಮೊಮ್ಮಕ್ಕಳ ಗಾಯಕ್ಕೂ ಪಟ್ಟಿ ಕಟ್ಟುವವರು.