ಮೊಲದ ಕಣ್ಣಿನ ಸುರುಳಿ

ದಿನಾ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದ ಕದಿರಪ್ಪನಿಗೆ ಅಲ್ಲೊಂದು ಸಂಶೋಧನಾಲಯದಲ್ಲಿ ಮೊಲ ನೋಡಿಕೊಳ್ಳುವ ಕೆಲಸ. ಎಪ್ಪತ್ತೆಂಟನೇ ಇಸವಿಯಲ್ಲಿ ಅಲ್ಲಿನ ಡಾಕ್ಟರಮ್ಮ ಮೊಲಗಳ ಕಣ್ಣಿನೊಳಗೆ ಕೂದಲೆಳೆಯಂಥ ತಂತಿಯ ಪುಟ್ಟ ಸುರುಳಿ ಕೂರಿಸಿ ಹೊಲಿಯುತ್ತಿದ್ದರು. ಬಳೆಯಂಥದ್ದೊಂದನ್ನು ಹೊರಗಿನಿಂದ ಹತ್ತಿರ ಹಿಡಿದರೆ ಸಾಕು, ಕಣ್ಣನ್ನು ಮುಟ್ಟದೆಯೇ ಅದರೊಳಗಿನ ಒತ್ತಡವನ್ನು ಯಂತ್ರದ ಮುಳ್ಳು ತೋರಿಸುತ್ತಿತ್ತು. ಮೊಲವನ್ನು ಟವೆಲಿನಲ್ಲಿ ಸುತ್ತಿ ಅದುಮಿ ಹಿಡಿಯುವುದು ಕದಿರಪ್ಪನ ಪಾಲು. ಕೆಲವು ಕಣ್ಣುಗಳು ಕೆಂಪಗಾಗಿ, ಆಮೇಲೆ ಸುಣ್ಣದ ನೀರಿನಂತೆ ಬೆಳ್ಳಗಾಗುತ್ತಿದ್ದವು.

"ಒತ್ತಡ ಏರಿದ್ರೆ ನೋವೇ ಇಲ್ದೆ ದೃಷ್ಟಿ ಹೋಗುತ್ತೆ ಕದಿರಪ್ಪ. ಹೋದದ್ದು ವಾಪಸ್ ಬರಲ್ಲ," ಎಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದರು.

ಒಂದು ಬೆಳಿಗ್ಗೆ ರೈಲು ಇಟ್ಟಿಗೆ ಗೂಡುಗಳನ್ನು ದಾಟುವಾಗ ಅವನ ಬಲಗಣ್ಣಿಗೆ ಧೂಳು ಬಿತ್ತು. ಆ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಎದುರಿಗೆ ಕೂತಿದ್ದ ಹೂವಿನವಳ ಮುಖವಷ್ಟೇ ಎಡಗಣ್ಣಿಗೆ ಕಂಡಿತು. ಅವಳ ತೊಡೆಯ ಮೇಲಿನ ಬುಟ್ಟಿ ಕಾಣಲಿಲ್ಲ. ಪಕ್ಕದ ಕಿಟಕಿಯೂ ಇಲ್ಲ. ಸುತ್ತ ಹೊಗೆ, ನಡುವೆ ಒಂದು ಮುಖ. ಕೈ ತೆಗೆದ, ಎಲ್ಲವೂ ಇದ್ದಲ್ಲೇ ಇತ್ತು. ಮತ್ತೆ ಮುಚ್ಚಿದ. ಅವನ ಬೆನ್ನು ಬೆವೆತು ಅಂಗಿ ಸೀಟಿಗೆ ಅಂಟಿಕೊಂಡಿತು.

ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತ ನಿಲ್ಲುತ್ತಿದ್ದ. ಹೆಂಡತಿ ಆಂಜಿನಮ್ಮ ಇದನ್ನು ಗಮನಿಸಿ, "ಏಮೈಂದಿ? ಏನಾಯ್ತು, ಯಾಕೆ ಹಂಗೆ ನಿಂತ್ಕೋತೀರಾ?" ಎಂದು ಬಿಡದೆ ಕೇಳಿದಾಗ ಬಾಯಿಬಿಟ್ಟ.

"ಅಲ್ಲೇ ಡಾಕ್ಟರಮ್ಮ ಇದ್ದಾರಲ್ಲ. ಹೇಳೋಕೇನು?" ಎಂದಳು ಅವಳು.

"ನನ್ ಕಣ್ಣಿಗೂ ಆ ತಂತಿ ಇಟ್ಬಿಡ್ತಾರೆ ಕಣೇ. ಅವು ಹೆಂಗೆ ಒದ್ದಾಡ್ತವೆ ಅಂತ ಹಿಡ್ಕೊಳ್ಳೋ ನನಗೆ ಗೊತ್ತಿಲ್ವಾ?"

ಮಾರನೆಯ ದಿನ ಆಂಜಿನಮ್ಮ ತಾನೂ ರೈಲು ಹತ್ತಿದಳು.

ಅವಳು ಎಲ್ಲ ಹೇಳಿದಾಗ ಡಾಕ್ಟರಮ್ಮ ಬೈಯಲಿಲ್ಲ. "ಆ ಸುರುಳಿ ಮನುಷ್ಯರಿಗೆ ಹಾಕೋ ಮಟ್ಟಕ್ಕೆ ಇನ್ನೂ ಬಂದಿಲ್ಲ. ಹಾಕೋದೂ ಇಲ್ಲ," ಎಂದು ಅವರಿಬ್ಬರನ್ನೂ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅವನನ್ನು ಅಂಗಾತ ಮಲಗಿಸಿ, ಮರಗಟ್ಟಿಸುವ ಹನಿ ಬಿಟ್ಟು, ಒತ್ತಡ ಅಳೆಯಲು ಲೋಹದ ಸಣ್ಣ ತೂಕವೊಂದನ್ನು ನೇರ ಕಣ್ಣುಗುಡ್ಡೆಯ ಮೇಲೆ ಇಳಿಸಿದರು. ನೋವಿರಲಿಲ್ಲ. ಆದರೂ ಅದು ಇಳಿದು ಬರುವುದನ್ನು ಕಣ್ಣು ತೆರೆದೇ ನೋಡಬೇಕಾಗಿತ್ತು. ಅವನು ಹೆಂಡತಿಯ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದುಕೊಂಡ.

ಎಡಗಣ್ಣು ಬಹುಪಾಲು ಹೋಗಿತ್ತು. ಬಲಗಣ್ಣನ್ನು ಉಳಿಸಿಕೊಳ್ಳಬಹುದು, ಬದುಕಿರುವ ತನಕ ಹನಿ ಹಾಕಬೇಕು ಎಂದರು.

"ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹಿಂಗಾಗಿತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಬೈರಕೂರಲ್ಲಿ ನಮ್ಮಪ್ಪ. ಕೋಲು ಹಿಡ್ಕೊಂಡೇ ಮಾವಿನ ತೋಪಿಗೆ ಹೋಗೋನು. ಬಿಸಿಲಿಗೆ ಹೋಯ್ತು ಅಂದ್ಕೊಂಡಿದ್ವಿ."

"ಮಕ್ಕಳು?"

"ಒಬ್ಬಳೇ. ಶಾಮಲ." ಹೆಸರು ಹೇಳುತ್ತಲೇ, ಅಪ್ಪನಿಂದ ತನಗೆ ಬಂದದ್ದು ತನ್ನಿಂದ ಅವಳಿಗೂ ಬರಬಹುದೆಂದು ಅವನಿಗೆ ಅರ್ಥವಾಯಿತು. ತನ್ನ ಕಣ್ಣಿನ ಮಾತು ಕೇಳಿದಾಗ ಕೂತೇ ಇದ್ದವನು ಈಗ ಎದ್ದು ನಿಂತ.

ಮುಂದಿನ ವಾರ ಮಗಳನ್ನು ಕರೆತಂದರು. ಅವಳು ಒಳಗೆ ಮಲಗಿದ್ದಷ್ಟು ಹೊತ್ತೂ ಕದಿರಪ್ಪ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ.

"ಈಗ ಎಲ್ಲ ಸರಿಯಾಗಿದೆ. ವರ್ಷಕ್ಕೊಂದ್ಸಲ ತೋರಿಸ್ತಾ ಇರಿ," ಎಂದರು ಡಾಕ್ಟರಮ್ಮ.

ಹೋಟೆಲಿನಲ್ಲಿ ಶಾಮಲ ಮಸಾಲೆ ದೋಸೆ ತರಿಸಿಕೊಂಡು ನೆಮ್ಮದಿಯಾಗಿ ತಿಂದಳು. ಆಂಜಿನಮ್ಮ ಕೈ ಮುಗಿದು ದೇವರನ್ನು ನೆನೆದಳು. ಕದಿರಪ್ಪ ಕಾಫಿ ಆರಲು ಬಿಟ್ಟು, ಡಾಕ್ಟರಮ್ಮ ಹೇಳಿದ 'ಈಗ' ಎಂಬ ಆ ಒಂದು ಮಾತನ್ನೇ ನೆನೆಯುತ್ತ ಮಗಳ ಕಣ್ಣುಗಳನ್ನು ನೋಡುತ್ತ ಕೂತ.