ನುಂಗದ ಗುಟುಕು

ನಾಲ್ವರು ಸೇರಿ ವಕೀಲರನ್ನು ಮಂಚದಿಂದ ಎತ್ತಿ ಶವ ಇಡುವ ಗಾಜಿನ ಪೆಟ್ಟಿಗೆಗೆ ಇಳಿಸುತ್ತಿದ್ದಾಗ ಸತ್ತವರ ಎದೆ ನಡುಗಿತು.

ಕಾಲು ಹಿಡಿದಿದ್ದ ಭಾವಮೈದುನ ಕೈಬಿಟ್ಟು ಗೋಡೆಗೆ ಅಂಟಿಕೊಂಡ. “ಅಕ್ಕಾ! ಭಾವ ಉಸಿರಾಡ್ತಿದಾರೆ!”

“ಉಸಿರಲ್ಲ, ಫೋನು,” ಎಂದ ತಲೆಯ ಕಡೆಯಿದ್ದ ಗುಮಾಸ್ತ. “ಕೋಟಿನ ಒಳಜೇಬಲ್ಲಿದೆ. ಮೊದಲು ನೆಟ್ಟಗೆ ಹಿಡ್ಕೊಳ್ಳಿ, ಬೀಳಿಸ್ಬೇಡಿ.”

ಹಿಂದಿನ ದಿನ ಹನ್ನೊಂದೂವರೆಗೆ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದಾಗ ತೊಟ್ಟಿದ್ದ ಕರಿಕೋಟನ್ನೇ ಹೆಂಡತಿ ಬೆಳಿಗ್ಗೆ ಮತ್ತೆ ತೊಡಿಸಿದ್ದರು. ಜೇಬು ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಗುಮಾಸ್ತ ಕೈಹಾಕಿ ತೆಗೆಯುವಷ್ಟರಲ್ಲಿ ನಡುಕ ನಿಂತಿತ್ತು. ತೆರೆಯ ಮೇಲೆ ‘ವಿಮೆ ತಂಗಿ, ಏಳು ಕರೆ’ ಎಂದಿತ್ತು. ಕಕ್ಷಿದಾರರ ಹೆಸರನ್ನು ವಕೀಲರು ಫೋನಿನಲ್ಲಿ ಎಂದೂ ಬರೆದವರಲ್ಲ. ಫೋನೂ ಒಂದು ಸಾಕ್ಷಿಯೇ, ಅದೂ ಬಾಯಿಬಡುಕ ಸಾಕ್ಷಿ, ಎನ್ನುತ್ತಿದ್ದರು.

ಜೂನಿಯರ್ ವಕೀಲೆ ಬಗ್ಗಿ ನೋಡಿ ಸ್ಕೂಟರಿನ ಕೀಲಿ ಹುಡುಕತೊಡಗಿದಳು. “ಇವಳನ್ನ ಇವತ್ತೇ ಸ್ಟೇಷನ್‌ಗೆ ಕರೆಸಿದಾರೆ, ಬೇಕಂತ್ಲೇ. ಸರ್ ಹೋದ ಸುದ್ದಿ ಸಿಕ್ಕಿರುತ್ತೆ. ನನಗೆ ಅರ್ಧ ಗಂಟೆ ಬೇಕು. ಅಲ್ಲೀವರೆಗೆ ಅವಳು ಸಹಿ ಹಾಕದೇ ಇದ್ರೆ ಸಾಕಪ್ಪಾ.”

ವಿಮೆ ತಂಗಿ ವಿಮಾ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಅವಳ ಪಾಸ್‌ವರ್ಡ್ ಬಳಸಿ ಯಾರೋ ಮುನ್ನೂರು ಕಡತ ಅಳಿಸಿದ್ದರು. ಪಾಸ್‌ವರ್ಡ್ ಅವಳದು, ಕೈ ಅವಳದಲ್ಲ. ಇಡೀ ಮೊಕದ್ದಮೆ ಈ ಒಂದು ಸಾಲಿನ ಮೇಲೆ ನಿಂತಿತ್ತು. ಪೊಲೀಸರು ಬರೆದಿಟ್ಟ ಹೇಳಿಕೆಗೆ ಸಹಿ ಬಿದ್ದರೆ ಕೈಯೂ ಅವಳದೇ ಆಗಿಬಿಡುತ್ತಿತ್ತು.

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಹಜಾರದ ಹಿಂದಿನ ಸಾಲಿನಲ್ಲಿ ಹಳೆಯ ಕಕ್ಷಿದಾರರು ಕುಳಿತಿದ್ದರು. ಪರರ ಖಾತೆಗೆ ಕನ್ನ ಹಾಕಿದ ಆರೋಪ ಹೊತ್ತವರು, ಸುಳ್ಳು ಜಾಲತಾಣ ಕಟ್ಟಿದ ಆರೋಪ ಹೊತ್ತವರು. ಬಿಡುಗಡೆಯಾದವರು ಹೆಚ್ಚು, ಶಿಕ್ಷೆ ಮುಗಿಸಿ ಬಂದವರೂ ಇದ್ದರು. ಬಾಗಿಲ ಬಳಿ ಇಟ್ಟಿದ್ದ ಸಂತಾಪದ ಪುಸ್ತಕ ಮಾತ್ರ ಖಾಲಿಯಾಗಿಯೇ ಇತ್ತು.

“ಏನ್ ಸ್ವಾಮಿ, ಒಂದು ಸಹಿ ಹಾಕೋಕೂ ಕೈ ಬರಲ್ವಾ?” ಎಂದು ಭಾವಮೈದುನ ತುದಿಯಲ್ಲಿದ್ದ ಬೋಳುತಲೆಯವನನ್ನು ಚುಚ್ಚಿದ.

“ಯಾವುದಕ್ಕೂ ಸಹಿ ಹಾಕ್ಬೇಡ ಅಂತ ಅವರೇ ಅಂದಿದ್ರು ಸಾರ್. ಎಂಟು ವರ್ಷ ಆಯ್ತು. ಕೊರಿಯರ್ ಬಂದ್ರೂ ನಮ್ಮನೆಯವಳೇ ಸಹಿ ಹಾಕೋದು.”

ಸಾಲಿನಲ್ಲಿ ಹುಟ್ಟಿದ ನಗು ಗಾಜಿನ ಪೆಟ್ಟಿಗೆಯನ್ನು ಕಂಡು ಅಲ್ಲೇ ಸತ್ತಿತು. ಗಾಜಿನ ಮೇಲೆ, ವಕೀಲರ ಬಾಯಿಯ ನೇರಕ್ಕೆ, ಅಂಗೈಯಗಲ ಮಂಜು ಕಟ್ಟಿತ್ತು. ಭಾವಮೈದುನ ಕರವಸ್ತ್ರದಿಂದ ಒರೆಸಿದ. ಹೋಗಲಿಲ್ಲ.

“ಇದು ಒಳಗಡೆ ಇದೆ ಕಣ್ರೀ,” ಎಂದ.

“ಮಿಷನ್ನಿನ ತಂಪಿಗೆ ಹಾಗಾಗುತ್ತೆ ಬಿಡಿ,” ಎಂದರು ಯಾರೋ. ಹಾಗೆಂದವರೂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

ಗುಮಾಸ್ತನ ಕೈಯಲ್ಲಿ ಫೋನು ಮತ್ತೆ ನಡುಗಿತು. ಅವನು ವಕೀಲರ ಓದುವ ಕೋಣೆಗೆ ಹೋಗಿ ಬಾಗಿಲು ದೂಡಿದ. ಆ ಬಾಗಿಲು ಎಂದೂ ಪೂರ್ತಿ ಮುಚ್ಚಿದ್ದಲ್ಲ.

* * *

ಕೋರ್ಟಿನ ಆವರಣದಲ್ಲಿ ವಕೀಲರಿಗೆ ‘ಸುಮ್ನಿರಪ್ಪ’ ಎಂದೇ ಹೆಸರು. ಹೊಸ ಕಕ್ಷಿದಾರರು ಬಂದರೆ ಮುಂದೆ ಒಂದು ಲೋಟ ನೀರಿಡುತ್ತಿದ್ದರು. “ಒಂದು ಗುಟುಕು ಬಾಯಿಗೆ ಹಾಕ್ಕೊಳ್ಳಿ. ನುಂಗ್ಬೇಡಿ.” ಆಮೇಲೆ ತಾವೇ ಪೊಲೀಸರಾಗಿ ಗದರುವರು, ಕೆಣಕುವರು, ಅಣ್ಣನಂತೆ ಮುದ್ದು ಮಾಡುವರು. ಉತ್ತರ ಕೊಡಲು ಬಾಯಿಬಿಟ್ಟರೆ ಅಂಗಿ ಒದ್ದೆ. ಐದು ನಿಮಿಷ ಅಂಗಿ ಒಣಗಿದ್ದರೆ ಮಾತ್ರ ವಕಾಲತ್ತು. “ಕಂಪ್ಯೂಟರು ಆಗಲೇ ಎಲ್ಲಾ ಬಾಯಿಬಿಟ್ಟಾಗಿದೆ. ನೀವೂ ಬಾಯಿಬಿಟ್ರೆ ನನಗೇನು ಕೆಲಸ?” ವಿಮೆ ತಂಗಿ ಮೂರು ಸಲ ಸೆರಗು ನೆನೆಸಿಕೊಂಡು, ನಾಲ್ಕನೆಯ ಸಲ ಹನ್ನೊಂದು ನಿಮಿಷ ತಡೆದಿದ್ದಳು.

ಎರಡು ವರ್ಷದ ಹಿಂದೆ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಬೆಳಿಗ್ಗೆ ಕೋರ್ಟಿಗೆ ಸಾಲುವಷ್ಟು ದನಿ ಉಳಿಯಿತು. ಮಧ್ಯಾಹ್ನದ ಮೇಲೆ ಬರೀ ಗಾಳಿ. ಅಂಥದೊಂದು ಮಧ್ಯಾಹ್ನ ಗುಮಾಸ್ತ ಜೆರಾಕ್ಸ್ ಯಂತ್ರದ ಮುಂದೆ ನಿಂತು ಸಾಹೇಬರ ದನಿಯಲ್ಲಿ ಅದಕ್ಕೆ ಬುದ್ಧಿ ಹೇಳುತ್ತಿದ್ದ: “ಸುಮ್ನಿರಪ್ಪಾ, ಕೇಳಿದೋರಿಗೆಲ್ಲ ಕಾಪಿ ಕೊಡ್ಬೇಡ!” ತಿರುಗಿದರೆ ಬಾಗಿಲಲ್ಲಿ ಸಾಹೇಬರು. ಕೆಲಸ ಹೋಯಿತೆಂದುಕೊಂಡ. ಅವರು ಚೀಟಿಯೊಂದರಲ್ಲಿ ‘ಇನ್ನೊಂದು ಸಲ’ ಎಂದು ಬರೆದು ತೋರಿಸಿದರು. ಆಮೇಲೆ ಮೇಜಿನ ಫೋನನ್ನು ಅವನತ್ತ ತಳ್ಳಿದರು.

ಅಂದಿನಿಂದ ಮಧ್ಯಾಹ್ನದ ಕರೆಗಳಿಗೆ ಚೀಟಿ ಅವರದು, ದನಿ ಇವನದು. ಇನ್ನೊಬ್ಬರಂತೆ ನಟಿಸಿ ಫೋನಿನಲ್ಲಿ ಮೋಸ ಮಾಡಿದರೆ ಮೂರು ವರ್ಷ ಜೈಲು. ಆ ಕಲಮನ್ನು ಎಷ್ಟೋ ಕಕ್ಷಿದಾರರಿಗಾಗಿ ಇವನೇ ಟೈಪು ಮಾಡಿದ್ದ. ಎರಡು ಗಂಟೆಗೆ ಮನೆಗೊಂದು ಕರೆ ಹೋಗುತ್ತಿತ್ತು. ಅದರ ಚೀಟಿಯನ್ನು ವಕೀಲರು ಬೆಳಿಗ್ಗೆಯೇ ಬರೆದಿಡುತ್ತಿದ್ದರು: ‘ತಡವಾಗುತ್ತೆ.’ ಒಂದೇ ಮಾತಾಡಿ ಫೋನಿಡುವುದು ಚೆನ್ನಲ್ಲವೆಂದು ಗುಮಾಸ್ತ “ಊಟ ಆಯ್ತಾ?” ಎಂದು ತನ್ನ ಕಡೆಯಿಂದ ಒಗ್ಗರಣೆ ಹಾಕುತ್ತಿದ್ದ. ಆ ಕಡೆ ಒಂದು ಕ್ಷಣದ ಮೌನ, ನಂತರ, “ಈಗ ಮಾಡ್ತೀನಿ.” ಸಂಜೆ ಮನೆಯಲ್ಲಿ ಪಿಸುಗುಟ್ಟುವ ಗಂಡನಿಗೆ ಫೋನಿನಲ್ಲಿ ಮಾತ್ರ ಅಷ್ಟು ದನಿ ಎಲ್ಲಿಂದ ಬಂತೆಂದು ಆಕೆ ಕೇಳಲೇ ಇಲ್ಲ. ಕೇಳದಿದ್ದುದು ಅವನಿಗೆ ಸಮಾಧಾನವೂ ಹೌದು, ಹೆದರಿಕೆಯೂ ಹೌದು.

ಒಂದು ಮಾತ್ರ ಅವನ ಗಂಟಲಿಗೆ ಬಗ್ಗಲಿಲ್ಲ. ವಕೀಲರ ಕೆಮ್ಮು, ಒಣಮರ ಸೀಳಿದಂಥ, ಎರಡು ತುಂಡಿನ ಕೆಮ್ಮು. ಅವನು ತಿಂಗಳುಗಟ್ಟಲೆ ಹೆಣಗಿದ. ‘ಅದು ನನ್ನ ಸಹಿ. ನಕಲು ಆಗಲ್ಲ’ ಎಂದು ಬರೆದು ವಕೀಲರು ಸದ್ದಿಲ್ಲದೆ ನಕ್ಕಿದ್ದರು.

* * *

“ರಿಂಗಾಗುತ್ತೆ ಕಣಮ್ಮಾ, ಮಾತಾಡೋರು ಯಾರು? ನಿನ್ನ ವಕೀಲ ನಿನ್ನೇನೇ ಹೋದ,” ಎನ್ನುತ್ತಿತ್ತು, ಗುಮಾಸ್ತ ಕರೆ ಎತ್ತಿದಾಗ, ಆ ಕಡೆ ಇನ್ಸ್‌ಪೆಕ್ಟರ ದನಿ. “ಸ್ಪೀಕರ್‌ಗೆ ಹಾಕು, ನೀನೇ ಕೇಳಿಸ್ಕೋ.”

“ಸಾರ್?” ವಿಮೆ ತಂಗಿಯ ದನಿ ಬಳಲಿತ್ತು. “ಇದೀರಾ ಸಾರ್? ಬೆಳಿಗ್ಗೆಯಿಂದ ಕೂರಿಸಿದಾರೆ. ನನ್ ಕೈಲಿ ಆಗ್ತಿಲ್ಲ. ಸಹಿ ಹಾಕ್ಬಿಡ್ಲಾ?”

ಸುಮ್ಮನಿದ್ದರೆ ಇನ್ಸ್‌ಪೆಕ್ಟರು ಗೆದ್ದಂತೆ. ತಾನು ಗುಮಾಸ್ತ ಎಂದರೂ ಗೆದ್ದಂತೆ. ಗುಮಾಸ್ತ ಕಣ್ಣು ಮುಚ್ಚಿದ.

“ಲೋಟದಲ್ಲಿ ನೀರಿದೆಯೇನಮ್ಮಾ?”

ಹಜಾರದಲ್ಲಿ ಒಂದು ಕುರ್ಚಿ ಉರುಳಿತು.

“ಇ... ಇದೆ ಸಾರ್.”

“ಒಂದು ಗುಟುಕು. ಜೂನಿಯರ್ ಬರ್ತಿದಾಳೆ, ಅವಳು ಬಂದು ಹೇಳೋವರೆಗೆ ನುಂಗ್ಬೇಡ. ಇನ್ಸ್‌ಪೆಕ್ಟರೇ, ಸಾವಿನ ಸುದ್ದಿ ಹೇಳೋ ಮುಂಚೆ ಸತ್ತವನನ್ನ ಒಂದು ಮಾತು ಕೇಳೋದಲ್ವೇನಪ್ಪಾ?”

ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ಆದರೆ ಕೆಮ್ಮು ಬಂತು. ಒಣಮರ ಸೀಳಿದಂಥದು, ಎರಡು ತುಂಡಿನದು. ತನ್ನ ಗಂಟಲಿಂದ ಬಂತೋ, ಮುಚ್ಚದ ಬಾಗಿಲ ಆಚೆಯಿಂದ ಬಂತೋ ಅವನಿಗೆ ತಿಳಿಯಲಿಲ್ಲ. ಆ ಕಡೆ ಫೋನು ಕಡಿದುಹೋಯಿತು.

ಹೊರಬಂದರೆ ಎಲ್ಲರೂ ಎದ್ದು ನಿಂತಿದ್ದರು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ. ಮಂಜು ಈಗ ಕೋಟಿನ ಗುಂಡಿಯವರೆಗೆ ಇಳಿದಿತ್ತು.

“ಇನ್ನೂ ವಕಾಲತ್ತು ಬಿಟ್ಟಿಲ್ಲ ಇವ್ರು,” ಎಂದು ಬೋಳುತಲೆಯವನು ಪಿಸುಗುಟ್ಟಿದ. ಈ ಸಲ ಯಾರೂ ನಗಲಿಲ್ಲ.

ವಕೀಲರ ಹೆಂಡತಿ ಒಬ್ಬರೇ ಗುಮಾಸ್ತನನ್ನು ನೋಡುತ್ತಿದ್ದರು. ಅವನು ಫೋನನ್ನು ಬೆನ್ನ ಹಿಂದೆ ಸರಿಸಿದ.

“ಎರಡು ಗಂಟೆಗೆ ಆಫೀಸಲ್ಲಿ ಇರ್ತೀಯೇನಪ್ಪಾ?” ಎಂದರು.

“ಇರ್ತೀನಿ ಅಮ್ಮಾ.”

ಆಕೆ ತಲೆಯಾಡಿಸಿ ಗಂಡನ ಕಡೆ ತಿರುಗಿದರು.

ಮಣ್ಣು ಮಾಡುವ ಹೊತ್ತಿಗೆ ಜೂನಿಯರ್ ಫೋನು ಮಾಡಿದಳು. “ಸಹಿ ಬಿದ್ದಿಲ್ಲ. ಕರ್ಕೊಂಡು ಹೊರಟೆ. ನಾನು ಹೋದಾಗ ಕೆನ್ನೆ ಉಬ್ಬಿಸ್ಕೊಂಡು ಕೂತಿದ್ಲು, ಕಣ್ಣಲ್ಲಿ ನೀರು, ಬಾಯಲ್ಲೂ ನೀರು. ಇನ್ಸ್‌ಪೆಕ್ಟರು ಮಾತ್ರ ಮೂರು ಸಲ ಕೇಳಿದ್ರು, ನಿಮ್ಮ ಸಾಹೇಬ್ರು ನಿಜಕ್ಕೂ ಸತ್ತಿದಾರಾ ಅಂತ.”

“ನೀವೇನಂದ್ರಿ?”

“ಸುಮ್ನಿದ್ದೆ.”

* * *

ಆಫೀಸಿನಲ್ಲಿ ವಕೀಲರ ಕುರ್ಚಿಯ ದಿಂಬು ಕುಳಿತವರ ಅಚ್ಚನ್ನು ಹಾಗೇ ಹಿಡಿದಿತ್ತು. ಮೇಜಿನ ಮೇಲೆ ನಿನ್ನೆ ಬೆಳಿಗ್ಗೆ ಬರೆದಿಟ್ಟ ಚೀಟಿ: ‘ತಡವಾಗುತ್ತೆ.’ ನಿನ್ನೆ ಅದನ್ನು ಫೋನಿನಲ್ಲಿ ಓದಬೇಕಿದ್ದ ಹೊತ್ತಿಗೆ ಗುಮಾಸ್ತ ಆಸ್ಪತ್ರೆಯಲ್ಲಿದ್ದ.

ಬಾಗಿಲು ಹಾಕಿಕೊಂಡು ಆ ಕೆಮ್ಮನ್ನು ಮತ್ತೆ ಕೆಮ್ಮಿ ನೋಡಿದ. ಮೇಕೆ ಕೆಮ್ಮಿದಂತಾಯಿತು. ಇನ್ನೊಂದು ಸಲ. ಅದೇ ಮೇಕೆ. ಗಂಟಲು ಆರಿತೆಂದು ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಎತ್ತಿ ಕಿವಿಗಿಟ್ಟುಕೊಂಡ.

“ನಾನು,” ಎಂದರು ವಕೀಲರ ಹೆಂಡತಿ. “ಎಲ್ಲರನ್ನೂ ಕಳಿಸಿಬಿಟ್ಟೆ. ಒಬ್ಬಳೇ ಇದೀನಿ. ಮೂವತ್ತೊಂದು ವರ್ಷ ಬಾಳ್ವೆ ಮಾಡಿದೀನಪ್ಪಾ. ಊಟ ಆಯ್ತಾ ಅಂತ ಅವರು ಒಂದು ದಿನ ಕೇಳಿದವರಲ್ಲ. ನೀನು ಮೊದಲನೇ ದಿನವೇ ಸಿಕ್ಕಿಬಿದ್ದಿದ್ದೆ.”

ನೀರು ಅವನ ಬಾಯಲ್ಲಿ ಬೆಚ್ಚಗಾಗುತ್ತಿತ್ತು.

“ಅವರಿಗೆ ಹೇಳಲಿಲ್ಲ. ಹೇಳಿದ್ರೆ ನಿಲ್ಲಿಸಿಬಿಡ್ತಿದ್ರು. ನಿನ್ನೆ ಎರಡು ಗಂಟೆಗೆ ಫೋನು ಬರಲಿಲ್ಲ, ನಿನ್ನೆಯಿಂದ ತಟ್ಟೆ ಹಾಗೇ ಇದೆ.” ಗೋಡೆ ಗಡಿಯಾರ ಎರಡು ಹೊಡೆಯಿತು. “ನುಂಗಪ್ಪಾ ನೀರು.”

ಅವನು ನುಂಗಿದ. ಚೀಟಿಯನ್ನು ಹತ್ತಿರಕ್ಕೆಳೆದುಕೊಂಡ.

“ತಡವಾಗುತ್ತೆ,” ಎಂದಿತು ಆ ದನಿ. “ಊಟ ಆಯ್ತಾ?”

ಆ ಕಡೆ ಒಂದು ಕ್ಷಣದ ಮೌನ. “ಈಗ ಮಾಡ್ತೀನಿ,” ಎಂದರು ಆಕೆ. ತಟ್ಟೆ ಎಳೆದುಕೊಂಡ ಸದ್ದಾಯಿತು. ಅದರ ಬೆನ್ನಿಗೇ, ಫೋನಿನಲ್ಲೇ, ಆಕೆಯ ಊಟದ ಮೇಜಿನ ಆಚೆ ಬದಿಯಿಂದ, ಇನ್ನೊಂದು ತಟ್ಟೆ ಎಳೆದುಕೊಂಡ ಸದ್ದು.