ಎಂಜಿನ್ ದೊಡ್ಡಪ್ಪ ಊರಿನ ಮುಖ ನೋಡಿದ್ದು

ನಮ್ಮ ಎಂಜಿನ್ ದೊಡ್ಡಪ್ಪ ಯಾವ ಮಾತನ್ನೂ ಒಂಟಿಯಾಗಿ ಬಿಟ್ಟವರಲ್ಲ. ಅವರ ಬಾಯಿಂದ ಹೊರಟ ಮಾತು ಇನ್ನೊಂದು ಬಾಯಿಯನ್ನು ಮುಟ್ಟಿ, ಅದೇ ರೂಪದಲ್ಲಿ ಮರಳಿ ಬಂದಾಗಲೇ ಅವರ ಪಾಲಿಗೆ ಅದು ಪೂರ್ಣವಾಗುತ್ತಿತ್ತು. ಮಲಗುವ ಮುನ್ನ ನಡುಮನೆಯಲ್ಲಿ ನಿಂತು ಅವರು "ಗ್ಯಾಸ್ ಬಂದ್" ಎಂದರೆ ಅಡುಗೆಮನೆಯಿಂದ ದೊಡ್ಡಮ್ಮ "ಗ್ಯಾಸ್ ಬಂದ್" ಎನ್ನಬೇಕು. "ಚಿಲಕ ಹಾಕಿದೆ" ಎಂದರೆ "ಚಿಲಕ ಹಾಕಿದೆ" ಎನ್ನಬೇಕು. ಆ ಪ್ರತಿಧ್ವನಿ ಬಾರದ ಹೊರತು ಮನೆಯ ದೀಪ ಆರುತ್ತಿರಲಿಲ್ಲ. ಅಕ್ಕನ ಮನೆಗೆ ಹೋದರೆ ಎರಡು ಗಿಳಿಗಳ ಪಂಜರಕ್ಕೆ ಹೋದ ಹಾಗಾಗುತ್ತದೆ ಎಂದು ನನ್ನ ತಾಯಿ ನಗುತ್ತಿದ್ದರು. ಆ ನಗೆಯಲ್ಲಿ ನಾನೂ ಧಾರಾಳವಾಗಿ ಪಾಲು ಪಡೆದವನೇ.

ವೃತ್ತಿ ಅಂಟಿಸಿದ ಅಭ್ಯಾಸವದು. ದೊಡ್ಡಪ್ಪ ಆಯುಷ್ಯದ ಬಹುಭಾಗವನ್ನು ರೈಲಿನ ಎಂಜಿನ್ನಿನಲ್ಲಿ ನಿಂತೇ ಕಳೆದವರು. ಅಲ್ಲಿ ಇಬ್ಬರಿರುತ್ತಾರೆ, ಚಾಲಕ ಮತ್ತು ಸಹಾಯಕ. ದೂರದ ಸಿಗ್ನಲ್ ಕಂಡೊಡನೆ ಚಾಲಕ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಸಹಾಯಕ ತನ್ನ ಕಣ್ಣಿನಿಂದ ನೋಡಿ, ಅದೇ ಬಣ್ಣವನ್ನು ಮರಳಿ ಹೇಳಬೇಕು. ನಿವೃತ್ತಿಯೊಂದಿಗೆ ಎಂಜಿನ್ ಹೋಯಿತು, ಸಹಾಯಕ ಹೋದ, ಅಭ್ಯಾಸ ಮಾತ್ರ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೆಲವರ ಪಾಲಿಗೆ ಉದ್ಯೋಗದ ಗುಣವೂ ಅಷ್ಟೇ ಗಟ್ಟಿ. ಖಾಲಿಬಿದ್ದ ಸಹಾಯಕನ ಹುದ್ದೆಗೆ ದೊಡ್ಡಮ್ಮ ಅರ್ಜಿ ಹಾಕದೆಯೇ ನೇಮಕಗೊಂಡರು.

ಸಮತಟ್ಟಾದ ನೆಲದ ಮೇಲೂ ಅವರು ಕಾಲು ಅಗಲಿಸಿ, ಮಂಡಿ ತುಸು ಮಡಿಸಿ, ಭೂಮಿ ಯಾವ ಗಳಿಗೆಯಲ್ಲಾದರೂ ಅಲುಗಬಹುದೆಂಬ ಎಚ್ಚರದಲ್ಲಿ ನಡೆಯುತ್ತಿದ್ದರು. ಮೈಮೇಲೆ ಸದಾ ಒಂದು ಕಡುನೀಲಿ ಕೋಟು. ಅದರ ತೋಳಿನ ಅಂಚುಗಳು ಎಣ್ಣೆ ಕುಡಿದು ಕಪ್ಪಾಗಿದ್ದವು. ಬಿಸಿಲಿಗೂ ಅದೇ, ಚಳಿಗೂ ಅದೇ. ಅದರ ಜೇಬಿನಲ್ಲಿ ಒರೆಸುವ ಬಟ್ಟೆಯ ಒಂದು ತುಂಡು. ಕೂರುವ ಕುರ್ಚಿ, ಹಿಡಿಯುವ ಲೋಟ, ತೆರೆಯುವ ಬಾಗಿಲಿನ ಹಿಡಿ, ಯಾವುದನ್ನೂ ಒರೆಸದೆ ಮುಟ್ಟುವವರಲ್ಲ. ನನ್ನ ತಂಗಿಯ ಮದುವೆಯಲ್ಲಿ ಫೋಟೋದವನ ಕ್ಯಾಮೆರಾದ ಗಾಜನ್ನೇ ಒರೆಸಿಬಿಟ್ಟರು. ಆತ ಕೆಂಡವಾದ, ದೊಡ್ಡಪ್ಪ ಮಾತ್ರ ಉಪಕಾರ ಮಾಡಿದವರ ಗಾಂಭೀರ್ಯದಿಂದ ಮಂಟಪದ ಕೆಳಗಿಳಿದು ಬಂದರು.

ಅವರ ಗಾಡಿ ವಾರಕ್ಕೆರಡು ಸಲ ಮುಟ್ಟುತ್ತಿದ್ದದ್ದು ಒಂದು ಪುರಾತನ ನಗರವನ್ನು. ಕೋಟೆ, ಹೆಬ್ಬಾಗಿಲು, ರಾಜರ ಕಾಲದ ಗೋಪುರ, ಕಲ್ಲು ಹಾಸಿದ ಬೀದಿಗಳು. ಜಗತ್ತೆಲ್ಲ ನೋಡಲು ಬರುವ ಊರು. ದೊಡ್ಡಪ್ಪನಿಗೆ ಅದರಲ್ಲಿ ಕಂಡದ್ದು ನೀರಿನ ಟ್ಯಾಂಕು, ಉಗ್ರಾಣದ ಗೋಡೆ, ಮನೆಗಳ ಹಿತ್ತಿಲಲ್ಲಿ ಒಣಗಲು ಹಾಕಿದ ಬಟ್ಟೆ, ಮತ್ತು ಸೇತುವೆ ದಾಟಿದ ಮೇಲೆ ಛಾವಣಿಗಳ ಆಚೆ ಕ್ಷಣಕಾಲ ಇಣುಕಿ ಮರೆಯಾಗುವ ಗೋಪುರದ ತುದಿ. ಇಳಿದರೆ ಚಾಲಕರ ವಿಶ್ರಾಂತಿ ಕೋಣೆ, ಒಂದು ನಿದ್ದೆ, ಮತ್ತೆ ವಾಪಸು. ಮದುವೆಯಾದ ಹೊಸತರಲ್ಲಿ ದೊಡ್ಡಮ್ಮ ಆಸೆಯಿಂದ, ಆ ಊರು ಹೇಗಿದೆ ಎಂದು ಕೇಳಿದರಂತೆ. ಪ್ಲಾಟ್‌ಫಾರ್ಮ್ ಬಹಳ ಉದ್ದ ಇದೆ ಎಂದರಂತೆ ಇವರು. ಈ ಉತ್ತರ ನಮ್ಮ ಮನೆತನದಲ್ಲಿ ಗಾದೆಯ ಪಟ್ಟ ಪಡೆದಿದೆ. ಆದರೆ ಆ ದಿನವೇ ಅವರು ಒಂದು ಮಾತು ಕೊಟ್ಟಿದ್ದರು: ಒಂದು ದಿನ ನಾನೇ ಗಾಡಿ ನಡೆಸಿ, ನಿನ್ನನ್ನು ಆ ಹೆಬ್ಬಾಗಿಲಿನಿಂದ ಒಳಕ್ಕೆ ಕರೆದೊಯ್ಯುತ್ತೇನೆ ಎಂದು.

ಹಾಗಾಗಿ ನಿವೃತ್ತಿಯ ನಂತರ ಒಂದು ಹಳೆಯ ಕಾರು ಬಂತು. ರೈಲಿನಲ್ಲೇ ಸುಖವಾಗಿ ಹೋಗಬಹುದಲ್ಲ ಎಂದರೆ, "ಆ ಊರಿನ ಬೆನ್ನು ನೋಡಿ ನೋಡಿ ಸಾಕಾಗಿದೆ. ಇನ್ನು ಮುಖ ನೋಡ್ಬೇಕು" ಎಂದರು. ಡ್ರೈವಿಂಗ್ ಶಾಲೆಗೆ ದೊಡ್ಡಮ್ಮನನ್ನೂ ಸೇರಿಸಿದರು. ಸಹಾಯಕನಿಗೆ ಗಾಡಿ ನಡೆಸಲು ಬಾರದಿದ್ದರೆ ಅವನು ಸಹಾಯಕನೇ ಅಲ್ಲ ಎಂಬುದು ಅವರ ಸಿದ್ಧಾಂತ. ಇಬ್ಬರಿಗೂ ಲೈಸೆನ್ಸ್ ಬಂತು. ಆದರೂ ದೊಡ್ಡಮ್ಮನ ಚಾಲನೆ ಭಾನುವಾರದ ಖಾಲಿ ಮೈದಾನದಲ್ಲಿ ನಾಲ್ಕು ಸುತ್ತಿಗೆ ಮುಗಿಯುತ್ತಿತ್ತು, ಹೆದ್ದಾರಿ ದೊಡ್ಡಪ್ಪನದೇ.

ಕೊನೆಗೂ ಹೊರಟ ದಿನ ಹಿಂದಿನ ಸೀಟಿನಲ್ಲಿ, ಬುತ್ತಿಯ ಬುಟ್ಟಿಯ ಪಕ್ಕದಲ್ಲಿ, ನಾನಿದ್ದೆ. ಸೈಕಲ್ಲಿಗಿಂತ ದೊಡ್ಡ ವಾಹನವನ್ನು ಕಲಿಯದ ನನ್ನನ್ನು ಕರೆದುಕೊಂಡದ್ದು ಶುದ್ಧ ವಾತ್ಸಲ್ಯದಿಂದ. ಬೆಳಕು ಹರಿಯುವ ಹೊತ್ತಿಗೆ ಕಾರು ರಸ್ತೆಗಿಳಿಯಿತು, ಜೊತೆಗೇ ಮಂತ್ರಪಠಣ ಶುರುವಾಯಿತು. "ಬಲಕ್ಕೆ ತಿರುವು." "ಬಲಕ್ಕೆ ತಿರುವು." "ಉಬ್ಬು." "ಉಬ್ಬು." ದೊಡ್ಡಮ್ಮ ಕಿತ್ತಳೆ ಸುಲಿಯುತ್ತಲೇ, ಸೆರಗು ಸರಿಮಾಡಿಕೊಳ್ಳುತ್ತಲೇ, ನಾದಿನಿಯ ಸೊಸೆಯ ಸೋಮಾರಿತನವನ್ನು ನನಗೆ ವರ್ಣಿಸುತ್ತಲೇ, ನಡುನಡುವೆ ಪಾಲಿಗೆ ಬಂದ ಮಾತನ್ನು ಒಪ್ಪಿಸುತ್ತಿದ್ದರು. ನಿಲ್ಲಿಸಿದಲ್ಲೆಲ್ಲ ದೊಡ್ಡಪ್ಪ ಮೊದಲು ಬಾನೆಟ್ಟಿನ ಮೇಲೆ ಅಂಗೈ ಹಿಂಭಾಗವನ್ನಿಟ್ಟು, ಮಗುವಿನ ಜ್ವರ ನೋಡುವವರಂತೆ ನೋಡುತ್ತಿದ್ದರು, ಆಮೇಲೆಯೇ ಚಹಾ.

ಮಧ್ಯಾಹ್ನ ಕಳೆದು ಬಿಸಿಲು ಎದುರಿನಿಂದ ಹೊಡೆಯತೊಡಗಿದಾಗ ನನಗೊಂದು ವ್ಯತ್ಯಾಸ ಕಂಡಿತು. ಪಠಣದ ಕ್ರಮ ತಿರುಗಿಹೋಗಿತ್ತು. ಈಗ ದೊಡ್ಡಮ್ಮನೇ ಕೂದಲೆಳೆಯಷ್ಟು ಮುಂಚೆ "ಸೇತುವೆ" ಎನ್ನುತ್ತಿದ್ದರು, ದೊಡ್ಡಪ್ಪ ಅದನ್ನು ಮರಳಿ ಹೇಳುತ್ತಿದ್ದರು. ಪಾಪ, ಊರು ಸೇರುವ ಆತುರ ಎಂದುಕೊಂಡೆ. ಕಿತ್ತಳೆ ಬುಟ್ಟಿಗೆ ಮರಳಿತ್ತು, ಸೊಸೆಯ ಸೋಮಾರಿತನ ಅರ್ಧಕ್ಕೇ ನಿಂತಿತ್ತು. ಅವರ ಕಣ್ಣು ರಸ್ತೆಯಿಂದ ಕದಲುತ್ತಿರಲಿಲ್ಲ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ನಗರದ ಹೊರವಲಯ ತಲುಪಿದಾಗ ಸಂಜೆ. ಒಂದು ಏರು ಹತ್ತಿದೊಡನೆ ಗೋಪುರ ಇಡಿಯಾಗಿ ಕಾಣಿಸಿತು, ಬುಡದಿಂದ ತುದಿಯವರೆಗೆ, ಇಳಿಬಿಸಿಲನ್ನು ಮೈತುಂಬ ಹೊದ್ದುಕೊಂಡು. ಎಷ್ಟೋ ವರ್ಷ ಕೇಳಿ ಮಾತ್ರ ಗೊತ್ತಿದ್ದ ಆ ಗೋಪುರವನ್ನು ದೊಡ್ಡಮ್ಮ ಬೆರಗಾಗಿ ನೋಡುತ್ತ ಕುಳಿತುಬಿಟ್ಟರು. ಎದುರಿಗೆ ಒಂದು ವೃತ್ತ, ಸಿಗ್ನಲ್. ದೊಡ್ಡಪ್ಪ ತಾವಾಗಿಯೇ "ಹಸಿರು" ಎಂದರು.

ದೊಡ್ಡಮ್ಮ ದೃಷ್ಟಿ ತಿರುಗಿಸಿ ನೋಡಿದರು. ತುಟಿ ತೆರೆಯಿತು, ಮಾತು ಬರಲಿಲ್ಲ.

ಕಾರು ಗಕ್ಕನೆ ನಿಂತಿತು. ನಾನು ಮುಂದಿನ ಸೀಟಿಗೆ ಹಣೆ ಬಡಿದುಕೊಂಡು ತಲೆಯೆತ್ತುವಷ್ಟರಲ್ಲಿ ಅಡ್ಡರಸ್ತೆಯಿಂದ ಒಂದು ಬಸ್ಸು ನಮ್ಮ ಮೂಗಿನ ಮುಂದೆ ಹಾದುಹೋಯಿತು. ದೀಪ ಕೆಂಪಾಗಿತ್ತು. ಹಸಿರು ಎಂದ ಮನುಷ್ಯ ಬ್ರೇಕ್ ಒತ್ತಿದ್ದೇಕೆ? ಆ ವೃತ್ತಿಯ ಕಟ್ಟಳೆಯನ್ನು ದೊಡ್ಡಪ್ಪ ಆಮೇಲೆ ನನಗೆ ಹೇಳಿದರು: ಸಹಾಯಕ ಮರಳಿ ಹೇಳದಿದ್ದರೆ ನಿಲ್ಲಿಸಬೇಕು, ನಿನಗೆ ಏನೇ ಕಂಡಿರಲಿ, ಮೊದಲು ನಿಲ್ಲಿಸಬೇಕು, ವಾದ ಆಮೇಲೆ. ದೊಡ್ಡಮ್ಮನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಕೆಂಪು ಎಂದರೆ ಗಂಡನನ್ನು ಸುಳ್ಳು ಮಾಡಿದ ಹಾಗಾಗುತ್ತದಲ್ಲ ಎಂಬ ಸಂಕಟದಲ್ಲಿ ಅವರು ಮಾತು ತಡೆದಿದ್ದರು, ಅಷ್ಟೆ.

ದೊಡ್ಡಪ್ಪ ಕಾರನ್ನು ಬದಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿದರು. ಕೈ ಮಾತ್ರ ಸ್ಟೀರಿಂಗಿನ ಮೇಲೆಯೇ ಇತ್ತು.

"ಯಾವಾಗಿಂದ ನೀನೇ ಮೊದಲು ಹೇಳ್ತಿದ್ದೀಯ?"

"ಮಳೆಗಾಲದಿಂದ. ಎದುರಿಗೆ ಬೆಳಕು ಹೊಡೆದಾಗೆಲ್ಲ."

"ನಂಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಹೊರಡ್ತಿರಲಿಲ್ಲ. ಈ ಊರಿಗೆ ಗಾಡಿ ತರಬೇಕು ಅಂತ ಎಷ್ಟು ವರ್ಷ ಕಾದಿದ್ದೀರಿ. ಅದೊಂದು ಆಗ್ಲಿ ಅಂದ್ಕೊಂಡೆ."

ನನಗೆ ಆಗ ಬಂದ ಕೋಪ ನನ್ನ ಮೇಲೆಯೇ. ಮಧ್ಯಾಹ್ನದಿಂದ ಆ ಹೆಂಗಸು ಎರಡು ಜೋಡಿ ಕಣ್ಣಿನ ಕೆಲಸವನ್ನು ಒಂದೇ ಜೋಡಿಯಿಂದ ಮಾಡುತ್ತಿದ್ದಾಗ ನಾನು ಬುತ್ತಿಯ ರುಚಿ ನೋಡುತ್ತಿದ್ದೆ. ಹೆಬ್ಬಾಗಿಲು ಎದುರಿಗೇ ಇತ್ತು. ಒಂದು ಇಳಿಜಾರು, ಒಂದು ತಿರುವು. ಬೇರೆ ಯಾರಾದರೂ ಆಗಿದ್ದರೆ, ಇಷ್ಟು ದೂರ ಬಂದದ್ದಾಯಿತು, ಇನ್ನಿಷ್ಟೇ ತಾನೆ ಎನ್ನುತ್ತಿದ್ದರು. ನಾನಂತೂ ಖಂಡಿತ ಅನ್ನುತ್ತಿದ್ದೆ.

ದೊಡ್ಡಪ್ಪ ಕೆಳಗಿಳಿದರು. ಬಾನೆಟ್ ಮುಟ್ಟಿ ನೋಡಿದರು. ಜೇಬಿನಿಂದ ಬಟ್ಟೆ ತೆಗೆದು ಸ್ಟೀರಿಂಗನ್ನು, ಗೇರಿನ ಗುಂಡನ್ನು, ಮುಂದಿನ ಗಾಜನ್ನು ಸಾವಕಾಶವಾಗಿ ಒರೆಸಿದರು. ಬಳಿಕ ಕೋಟಿನ ಗುಂಡಿ ಹಾಕಿಕೊಂಡು ಹೆಂಡತಿಯ ಎದುರು ನೆಟ್ಟಗೆ ನಿಂತರು.

"ಬ್ರೇಕ್ ಸರಿ ಇದೆ. ಪೆಟ್ರೋಲ್ ಕಾಲು ಭಾಗ. ಎಡಗಡೆ ಕನ್ನಡಿ ಸ್ವಲ್ಪ ಸಡಿಲ. ಗಾಡಿ ನಿನ್ನದು."

"ನಂಗೆ ಕೈ ನಡುಗತ್ತೆ ರೀ."

"ನಡುಗ್ಲಿ. ನಡುಗೋ ಕೈ ಹುಷಾರಾಗಿರತ್ತೆ."

ದೊಡ್ಡಮ್ಮ ಚಾಲಕರ ಸೀಟಿಗೆ ಬಂದರು, ದೊಡ್ಡಪ್ಪ ಪಕ್ಕದ ಸೀಟಿಗೆ ಹೋದರು. ಕಾರು ಮುಗ್ಗರಿಸಿತು, ಆರಿತು, ಮತ್ತೆ ಹೊರಟಿತು. ಇಳಿಜಾರಿನ ಕೊನೆಗೆ ಇನ್ನೊಂದು ಸಿಗ್ನಲ್. ದೊಡ್ಡಮ್ಮ ಬೆವರುತ್ತ, ಸಣ್ಣ ದನಿಯಲ್ಲಿ "ಹಸಿರು" ಎಂದರು. ದೊಡ್ಡಪ್ಪ ಕತ್ತು ಮುಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ಬಹಳ ಪ್ರಯತ್ನಪಟ್ಟು ನೋಡಿದರು. ಸುಮ್ಮನೆ ಮರಳಿ ಹೇಳಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆ ಹೆಂಗಸಿಗೆ ಧೈರ್ಯವೂ ಬರುತ್ತಿತ್ತು.

"ನಂಗೆ ಕಾಣ್ತಿಲ್ಲ" ಎಂದರು ಅವರು.

ಕಾರಿನ ವೇಗ ಇಳಿಯಿತು. ಆಗ ನಾನು ಹಿಂದಿನಿಂದ ಮುಂದಕ್ಕೆ ಬಾಗಿ, ದೀಪವನ್ನು ಚೆನ್ನಾಗಿ ನೋಡಿ, ಗಟ್ಟಿಯಾಗಿ "ಹಸಿರು" ಎಂದೆ. ದೊಡ್ಡಮ್ಮ ಮುಂದೆ ನಡೆಸಿದರು.

ಹೀಗೆ ನಾವು ಹೆಬ್ಬಾಗಿಲನ್ನು ದಾಟಿದೆವು. ಆಮೇಲೆ ದೊಡ್ಡಪ್ಪನ ಕಣ್ಣಿನ ಪೊರೆ ತೆಗೆಸಿದ್ದಾಯಿತು, ದೃಷ್ಟಿ ಮರಳಿತು. ಹೆದ್ದಾರಿಯಲ್ಲಿ ಈಗ ಇಬ್ಬರೂ ಸರದಿಯಂತೆ ನಡೆಸುತ್ತಾರೆ. ಆದರೆ ದೊಡ್ಡಪ್ಪ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಸಂಜೆಯ ರೂಪದಲ್ಲಿ. ಹಳೆಯ ಬೀದಿಗಳು ಕಿರಿದು, ಮನೆಗಳು ಕೈಗೆಟುಕುವಷ್ಟು ಹತ್ತಿರ, ಹತ್ತಿರದ್ದು ಅವರಿಗೆ ಕಾಣುತ್ತಿತ್ತು. ಹಳಿಯ ಮೇಲಿಂದ ಕಣ್ಣು ಕೀಳದೆ ಬದುಕಿದ ಮನುಷ್ಯ ಮೊದಲ ಸಲ ಪಕ್ಕಕ್ಕೆ ನೋಡುತ್ತಿದ್ದರು: ಕೆತ್ತಿದ ಬಾಗಿಲು, ಸವೆದ ಮೆಟ್ಟಿಲು, ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಮುದುಕಿ. "ನಿಧಾನ ಹೋಗು" ಎಂದು ಮೆಲ್ಲಗೆ ಹೇಳಿದರು. ಹೆಂಡತಿ "ನಿಧಾನ" ಎಂದರು. ದೊಡ್ಡಪ್ಪನ ಮುಖದಲ್ಲಿ ಸೋತವರ ಕಳೆ ನಾನು ಹುಡುಕಿದೆ, ಇರಲಿಲ್ಲ.

ಸಾವಿರಾರು ಜನರನ್ನು ಹೊತ್ತು ನಡೆದವರ ಗಟ್ಟಿತನ ಅವರ ಕೈಯಲ್ಲಿ, ಕಣ್ಣಿನಲ್ಲಿ ಇರುತ್ತದೆಂದು ನಾವು ತಿಳಿಯುತ್ತೇವೆ. ಕೈಕಣ್ಣು ಎಲ್ಲರಿಗೂ ಒಂದು ದಿನ ಕೈಕೊಡುತ್ತವೆ. ದೊಡ್ಡಪ್ಪನಂಥವರು ಬೇರೊಂದನ್ನು ಕಲಿತಿರುತ್ತಾರೆ: ತಮ್ಮ ಕಣ್ಣು ಹೌದೆಂದಾಗಲೂ ಪಕ್ಕದವರು ಹೌದೆನ್ನುವವರೆಗೆ ಕಾಯುವುದನ್ನು. ಇಂಥವರು ನಡೆಸುವ ಗಾಡಿ ಒಮ್ಮೊಮ್ಮೆ ತಡವಾಗಿ ಬರುತ್ತದೆ. ಒಳಗೆ ಮಲಗಿದವರು ಮಲಗಿದ್ದಂತೆಯೇ, ನಿದ್ದೆಯೂ ಕೆಡದೆ, ಊರು ಸೇರುತ್ತಾರೆ.